ಮಗನ ಕಂಪನಿ ಪಾಲಿಸಿ ಇದೆ ಅಂತ ನಿಮ್ಮದನ್ನು ಬಿಡಬೇಡಿ, ಮಾಸ್ಟ್ರೇ

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ನಿವೃತ್ತ ಕನ್ನಡ ಶಿಕ್ಷಕರ ವಿಮೆ, ತೆರಿಗೆ, ಪಿಂಚಣಿ ಕಾಗದಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುನ್ಸಿಪಾಲ್ಟಿ ಶಾಲೆಯವರಿದ್ದಾರೆ, ಅನುದಾನಿತ ಶಾಲೆಯವರಿದ್ದಾರೆ, ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದವರಿದ್ದಾರೆ. ಇವರ ಕಡತ ಬಿಡಿಸುವುದೇ ಒಂದು ಖುಷಿ. ರಸೀದಿಗಳೆಲ್ಲ ವರ್ಷವಾರು, ಮೇಲೆ ಬ್ರೌನ್ ಪೇಪರ್ ಬೈಂಡು, ಲೇಬಲ್ ಮೇಲೆ ದುಂಡಗಿನ ಅಕ್ಷರ. ನಾನು ತುಂಬಿದ ಫಾರ್ಮಿನಲ್ಲಿ ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ವಾಪಸ್ ಕೊಡುವವರೂ ಇದ್ದಾರೆ.

ಇಷ್ಟು ಶಿಸ್ತಿನ ಜನ ವರ್ಷ ವರ್ಷವೂ ಒಂದೇ ಮಾತು ಹೇಳಿಕೊಂಡು ಬರುತ್ತಾರೆ. "ಈ ಸಲ ಆರೋಗ್ಯ ವಿಮೆಯ ಪ್ರೀಮಿಯಂ ಕಟ್ಟೋದಿಲ್ಲ ಮಾರಾಯ್ರೇ. ಮಗ ಅವನ ಕಂಪನಿ ಪಾಲಿಸಿಯಲ್ಲಿ ನಮ್ಮಿಬ್ಬರ ಹೆಸರೂ ಸೇರಿಸಿದ್ದಾನೆ. ಸುಮ್ನೆ ಎರಡೆರಡು ಯಾಕೆ?"

ಎರಡೆರಡು ಯಾಕೆ ಅಂದರೆ, ಒಂದು ಮಾತ್ರ ನಿಮ್ಮದು. ಇನ್ನೊಂದು ಕಂಪನಿಯದು.

ಕಂಪನಿಯ ಪಾಲಿಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ರಕ್ಷಣೆ ಸಿಗುತ್ತದೆ, ಮೆಡಿಕಲ್ ಟೆಸ್ಟ್ ಕೇಳುವುದಿಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಕಾಣುತ್ತದೆ. ಆದರೆ ಕರಾರು ಇರುವುದು ಕಂಪನಿಗೂ ವಿಮೆಯವರಿಗೂ ನಡುವೆ. ಅದರಲ್ಲಿ ನಿಮ್ಮ ಸಹಿ ಇಲ್ಲ, ನಿಮ್ಮ ಮಗನದೂ ಇಲ್ಲ. ಮುಂದಿನ ವರ್ಷ ಕಂಪನಿ ತಂದೆತಾಯಿಯನ್ನು ಕೈಬಿಡಬಹುದು, ಅಥವಾ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನೀವೇ ಕೊಡಿ ಅನ್ನಬಹುದು. ಮಗ ಕೆಲಸ ಬದಲಿಸಿದರೆ, ಕೆಲಸ ಹೋದರೆ, ಅವನ ಕೆಲಸದ ಕೊನೆಯ ದಿನಕ್ಕೇ ನಿಮ್ಮ ರಕ್ಷಣೆಯೂ ಸಾಮಾನ್ಯವಾಗಿ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗಲು ಅವಕಾಶ ಇದೆ, ನಿಜ. ಆದರೆ ಅವರು ನಿಮ್ಮ ವಯಸ್ಸು, ಆರೋಗ್ಯ ನೋಡಿಯೇ ತೀರ್ಮಾನಿಸುತ್ತಾರೆ. ಎಪ್ಪತ್ತರ ಸಕ್ಕರೆ ಕಾಯಿಲೆಯವರಿಗೆ ಅಲ್ಲಿ ಯಾರೂ ರತ್ನಗಂಬಳಿ ಹಾಸುವುದಿಲ್ಲ.

ಇಷ್ಟು ಹೇಳಿದ ಮೇಲೂ "ಆಗ ಬೇಕಾದರೆ ಹೊಸದು ತೆಗೆದರಾಯಿತು, ಈಗ ವಯಸ್ಸಿನ ಮಿತಿ ಇಲ್ಲವಂತಲ್ಲ" ಎನ್ನುತ್ತಾರೆ. ಪೇಪರ್ ಓದುವ ಜನ, ಸುದ್ದಿ ಸರಿಯಾಗಿಯೇ ಗೊತ್ತಿರುತ್ತದೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಆರೋಗ್ಯ ವಿಮೆಯ ಬಾಗಿಲು ತೆರೆದಿದೆ. ಆದರೆ ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಅವರು ಒಳಗೆ ಕರೆಯಲೇಬೇಕೆಂದಿಲ್ಲ. ಕರೆದರೂ ನೀವು ಹೊಸಬರೇ.

ನೀವು ಹಳೆ ಪಾಲಿಸಿ ಬಿಟ್ಟಾಗ ಕಳೆದುಕೊಳ್ಳುವುದು ಒಂದು ವರ್ಷದ ಪ್ರೀಮಿಯಂ ಉಳಿಸಿದ ಲೆಕ್ಕದಲ್ಲಿ ಬರುವುದೇ ಇಲ್ಲ. ಕಳೆದುಕೊಳ್ಳುವುದು ವರ್ಷಗಳನ್ನು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟರೆ ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಮೊದಲೇ ಇದ್ದ ಬಿಪಿ, ಸಕ್ಕರೆ, ಹೃದಯದ ತೊಂದರೆಗೆ 3 ವರ್ಷದವರೆಗೂ ಕಾಯಿಸಬಹುದು. ಇದು ಮೊದಲು 4 ವರ್ಷವಿತ್ತು, 2024ರಲ್ಲಿ ಇಳಿಸಿದರು. ಇನ್ನೊಂದು ದೊಡ್ಡ ವಿಷಯ: ಪಾಲಿಸಿ 60 ತಿಂಗಳು ಸತತವಾಗಿ ನಡೆದರೆ, "ನೀವು ಆ ಕಾಯಿಲೆ ಮುಚ್ಚಿಟ್ಟಿದ್ದಿರಿ" ಅಂತ ನೆಪ ಹೇಳಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಹಳೆ ಪಾಲಿಸಿಯವರು ಈ ಗೆರೆಗಳನ್ನೆಲ್ಲ ಎಂದೋ ದಾಟಿರುತ್ತಾರೆ. ಬಿಟ್ಟರೆ ಸೊನ್ನೆಯಿಂದ ಶುರು.

ಶಿಕ್ಷಕರಿಗೆ ಇದನ್ನು ಸರ್ವಿಸ್ ಬ್ರೇಕ್ ಅಂತ ಹೇಳಿದರೆ ಮಾತ್ರ ತಲೆಗೆ ಹೋಗುತ್ತದೆ. ಒಂದು ಬ್ರೇಕ್‌ನಿಂದ ಹಿಂದಿನ ಸೇವೆ ಲೆಕ್ಕಕ್ಕೆ ಸಿಗದೆ, ಪಿಂಚಣಿಗಾಗಿ ಶಿಕ್ಷಣ ಇಲಾಖೆಯ ಮೆಟ್ಟಿಲು ಸವೆಸಿದವರನ್ನು ಅವರೇ ಕಂಡಿದ್ದಾರೆ. ಅಂಥವರೇ ಸ್ವಂತ ಕೈಯಿಂದ ಪಾಲಿಸಿಗೆ ಬ್ರೇಕ್ ಹಾಕುತ್ತಾರೆ!

ಘಾಟ್ಕೋಪರ್ ಕಡೆಯ ಒಬ್ಬರು ಟೀಚರ್. ಅಲ್ಲಿ ಇಲ್ಲಿ ಉಳಿಸಿ ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದವರು, ಮಗ ಐರೋಲಿಯ ಐಟಿ ಕಂಪನಿಗೆ ಸೇರಿದ ಮೇಲೆ ನಿಲ್ಲಿಸಿದರು. ನನಗೆ ಗೊತ್ತಾದದ್ದು, ತಡವಾದರೂ ಕಟ್ಟಲು ಕೊಡುವ ಗ್ರೇಸ್ ಅವಧಿಯೂ ಮುಗಿದ ಮೇಲೆ. ಮರುವರ್ಷ ಮಗನ ಕೆಲಸ ಹೋಯಿತು. ಅಷ್ಟರಲ್ಲಿ ಟೀಚರ್‌ಗೆ ಮಂಡಿ ನೋವು ಎಷ್ಟು ಜಾಸ್ತಿಯಾಗಿತ್ತೆಂದರೆ, ನನ್ನ ಆಫೀಸಿನ ಎಂಟು ಮೆಟ್ಟಿಲಿಗೆ ಎರಡು ಸಲ ನಿಂತರು. ಒಂದು ವಿಮಾ ಕಂಪನಿ ಟೆಸ್ಟ್ ಮಾಡಿಸಿ ಬೇಡ ಅಂದಿತು. ಇನ್ನೊಂದು ಒಪ್ಪಿತು, ಆದರೆ ಪ್ರತಿ ಬಿಲ್ಲಿನಲ್ಲಿ 20% ಟೀಚರೇ ಕೊಡಬೇಕು, ಸಕ್ಕರೆ ಕಾಯಿಲೆಗೆ 3 ವರ್ಷ, ಮಂಡಿಗೆ 2 ವರ್ಷ ಕಾಯಬೇಕು. ಕೊನೆಗೆ ಎಫ್‌ಡಿ ಮುರಿದು ಆಪರೇಷನ್ ಮಾಡಿಸಿಕೊಂಡರು. ಹೊರಡುವಾಗ ಹೇಳಿದ್ದು ಒಂದೇ: "ಹಳೇ ಪಾಲಿಸಿ ಇದ್ದಿದ್ರೆ ಆಗ್ತಿತ್ತು ಅಂತ ನನ್ನ ಮಗನ ಮುಂದೆ ಹೇಳಬೇಡಿ. ಬೇಜಾರು ಮಾಡ್ಕೋತಾನೆ." ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಹೇಳಿ?

ಪ್ರೀಮಿಯಂ ಭಾರ ಆಗುತ್ತಿದೆ ಅನ್ನುವುದು ಸುಳ್ಳಲ್ಲ. ಪಿಂಚಣಿಯಲ್ಲಿ ಅದನ್ನು ಹೊಂದಿಸುವುದು ಕಷ್ಟವೇ. ಆದರೆ ಬಿಡುವುದಕ್ಕೂ ಕಟ್ಟುವುದಕ್ಕೂ ನಡುವೆ ದಾರಿಗಳಿವೆ. ವಿಮೆ ಮೊತ್ತ ಇಳಿಸಿ, ಅದರ ಮೇಲೆ ಸೂಪರ್ ಟಾಪ್-ಅಪ್ ತೆಗೆಯಬಹುದು. ಮೊದಲ 3 ಲಕ್ಷ ಹಳೆ ಪಾಲಿಸಿಯಿಂದ, ಅದರಾಚೆಯದು ಟಾಪ್-ಅಪ್‌ನಿಂದ ಎಂಬ ಹಾಗೆ. (ಟಾಪ್-ಅಪ್ ಕೂಡ ಹೊಸ ಪಾಲಿಸಿಯೇ, ಅದಕ್ಕೂ ಕಾಯುವ ಅವಧಿ ಇದೆ. ಅದಕ್ಕೇ ಗಟ್ಟಿಯಾಗಿರುವಾಗಲೇ ತೆಗೆಯಿರಿ.) ಕಂತಿನಲ್ಲಿ ಕಟ್ಟಲು ಆಗುತ್ತದೆಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ 18% ಜಿಎಸ್‌ಟಿ ಇಲ್ಲ. ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ 10%ಕ್ಕಿಂತ ಜಾಸ್ತಿ ಏರಿಸಬೇಕಿದ್ದರೆ ಕಂಪನಿ ಮೊದಲು ವಿಮಾ ನಿಯಂತ್ರಕರ ಜೊತೆ ಮಾತಾಡಬೇಕು ಎಂಬ ಆದೇಶವೂ 2025ರ ಜನವರಿಯಲ್ಲಿ ಬಂದಿದೆ. ಹಳೆ ತೆರಿಗೆ ಪದ್ಧತಿಯಲ್ಲಿರುವ ಹಿರಿಯ ನಾಗರಿಕರು 50,000 ರೂಪಾಯಿವರೆಗಿನ ಪ್ರೀಮಿಯಂ ಅನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯಬಹುದು. ಹಿಂದೆ ಕ್ಲೇಮ್ ಮಾಡಿದ್ದೀರಿ ಅಂತ ನವೀಕರಣ ನಿರಾಕರಿಸುವಂತಿಲ್ಲ. ನಿಮ್ಮ ಪಾಲಿಸಿಯ ಷರತ್ತು ನೋಡದೆ ಯಾವುದು ಸರಿ ಅಂತ ಇಲ್ಲಿ ಬರೆಯಲಾರೆ. ಪಾಲಿಸಿ ತಂದು ತೋರಿಸಿ.

ಎರಡೂ ಇದ್ದರೆ ಇನ್ನೂ ಒಳ್ಳೆಯದು. ಯಾವುದರಲ್ಲಿ ಮೊದಲು ಕ್ಲೇಮ್ ಮಾಡಬೇಕು ಎಂಬುದು ನಿಮ್ಮಿಷ್ಟ. ಮಗನ ಪಾಲಿಸಿಯಲ್ಲಿ ಮಾಡಿ, ಸಾಲದೆ ಬಂದದ್ದನ್ನು ನಿಮ್ಮದರಲ್ಲಿ ಕೇಳಬಹುದು. ನಿಮ್ಮದನ್ನು ಮುಟ್ಟದಿದ್ದರೆ, ಕ್ಲೇಮ್ ಮಾಡದ ವರ್ಷಗಳಿಗೆ ಸಿಕ್ಕ ಬೋನಸ್ ಹಾಗೇ ಉಳಿಯುತ್ತದೆ.

ಈಚೆಗೆ ಇನ್ನೊಂದು ಸೇರಿಕೊಂಡಿದೆ. "70 ಆಯ್ತು, ಸರ್ಕಾರದ ಕಾರ್ಡ್ ಬಂತು, ಇನ್ನು ವಿಮೆ ಯಾಕೆ?" 2024ರ ಅಕ್ಟೋಬರ್ ಕೊನೆಗೆ ಬಂದ ಆಯುಷ್ಮಾನ್ ವಯವಂದನಾ ಕಾರ್ಡ್ ಖಂಡಿತ ಮಾಡಿಸಿಕೊಳ್ಳಿ. ಆದಾಯದ ಮಿತಿ ಇಲ್ಲ, ಖಾಸಗಿ ಪಾಲಿಸಿ ಇದ್ದವರಿಗೂ ಸಿಗುತ್ತದೆ. ಆದರೆ ವರ್ಷಕ್ಕೆ 5 ಲಕ್ಷ ಅನ್ನುವುದು ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಇಬ್ಬರಿಗೂ ಸೇರಿ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತದೆ. ನೀವು ಯಾವಾಗಲೂ ಹೋಗುವ ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಎದೆ ನೋವು ಬರುವ ಮುಂಚೆ ನೋಡಿಡಿ.

ಒಂದು ಸಣ್ಣ ವಿಷಯ, ಇದರಿಂದಲೂ ಪಾಲಿಸಿ ಸತ್ತದ್ದನ್ನು ನೋಡಿದ್ದೇನೆ. ನವೀಕರಣದ ಸಂದೇಶ ಯಾರ ನಂಬರಿಗೆ ಬರುತ್ತದೆ? ಎಷ್ಟೋ ಪಾಲಿಸಿಯಲ್ಲಿ ಮಗನ ಹಿಂದಿನ ಆಫೀಸಿನ ಇಮೇಲ್ ಇರುತ್ತದೆ. ಅವನು ಆ ಕಂಪನಿ ಬಿಟ್ಟು ಯಾವ ಕಾಲವಾಯಿತು! ನಿಮ್ಮ ಮೊಬೈಲ್ ನಂಬರ್ ಹಾಕಿಸಿ. ವಾರ್ಷಿಕ ಪ್ರೀಮಿಯಂ ಕಟ್ಟಲು 30 ದಿನದ ಗ್ರೇಸ್ ಇದೆ. ಆ ದಿನಗಳಲ್ಲೇ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗದೇ ಹೋಗಬಹುದು, ಹಾಗಾಗಿ ಗ್ರೇಸ್ ನಂಬಿ ಕೂರಬೇಡಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕಾರವಾದರೆ ಮೊದಲು ಕಂಪನಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ಇಂಥ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಮುಂಬೈ ಕಚೇರಿ ಸಾಂತಾಕ್ರೂಜ್‌ನಲ್ಲಿದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ದೂರು ಬರೆಯುವುದರಲ್ಲಿ ಶಿಕ್ಷಕರನ್ನು ಮೀರಿಸುವವರು ಯಾರು?

ಪಿಂಚಣಿಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅದನ್ನು ನೀವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೀರಿ. ನವೆಂಬರ್‌ನಲ್ಲಿ ಹಯಾತಿ ದಾಖಲೆ (ಬದುಕಿದ್ದೇನೆ ಎಂಬ ಲೈಫ್ ಸರ್ಟಿಫಿಕೇಟ್) ಕೊಡುವುದು ಯಾರೂ ಮರೆಯುವುದಿಲ್ಲ. ಆದರೆ ಅದೇ ನವೆಂಬರ್‌ನಲ್ಲಿ "ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡುತ್ತೇವೆ, ಓಟಿಪಿ ಹೇಳಿ" ಅಂತ ಫೋನ್ ಬರುತ್ತದೆ. ಫೋನಿನಲ್ಲಿ ಓಟಿಪಿ ಕೇಳಿದವನು ಕಳ್ಳನೇ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಪಿಂಚಣಿ ಕಮ್ಯೂಟ್ ಮಾಡಿಸಿದ್ದವರು, ಅಂದರೆ ಅದರ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ಪಡೆದವರು, 15 ವರ್ಷ ಆದ ಮೇಲೆ ಪೂರ್ತಿ ಪಿಂಚಣಿ ಶುರುವಾಗಿದೆಯೇ ಎಂದು ಪಾಸ್‌ಬುಕ್ ನೋಡಿ.

ಹೆಸರಿನದು ಮಾತ್ರ ನಮ್ಮವರದ್ದೇ ವಿಶೇಷ ತೊಂದರೆ. ಊರಿನ ದಾಖಲೆಯಲ್ಲಿ ಇನಿಶಿಯಲ್ ಹಾಕಿದ ಹೆಸರು. ಇಲ್ಲಿನ ಪದ್ಧತಿಯಲ್ಲಿ ಸ್ವಂತ ಹೆಸರು, ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ಪಿಂಚಣಿ ಆದೇಶದಲ್ಲಿ ಹೆಂಡತಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮೂರನೆಯದು. ಹುಟ್ಟಿದ ತಾರೀಖು ಶಾಲೆ ಸೇರಿಸಿದವರು ಬರೆಸಿದ್ದು. ಪಿಂಚಣಿದಾರರು ಇರುವ ತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ ದಿನ ಬೀಳುತ್ತದೆ, ಆಗ ಅಫಿಡವಿಟ್ಟು, ಗೆಜೆಟ್ಟು ಅಂತ ಹೆಂಡತಿ ಒಬ್ಬರೇ ಓಡಾಡಬೇಕು. ಈಗಲಾದರೆ ಅರ್ಜಿಗೆ ನಿಮ್ಮದೇ ಸಹಿ ಸಿಗುತ್ತದೆ. ಪಿಂಚಣಿ ಆದೇಶ ತೆಗೆದು, ಹೆಂಡತಿಯ ಆಧಾರ್ ಪಕ್ಕದಲ್ಲಿಟ್ಟು, ಒಂದೊಂದು ಅಕ್ಷರ ತಾಳೆ ನೋಡಿ. ಇದಕ್ಕೆ ನವೆಂಬರ್ ತನಕ ಕಾಯಬೇಕಾಗಿಲ್ಲ.