ಮೇಸನ್ ನೆಕ್: ನೀರು ಎಲ್ಲಿ, ಎಷ್ಟು ದಿನ ನಿಲ್ಲುತ್ತದೆ?

ಆವಾಸ (ಜೀವಿಗಳು ಬದುಕುವ ಜಾಗ) ಅಂದ ಕೂಡಲೇ ನಾವು ಕಾಡು, ಕೊಳ, ಜವುಗು ಅಂತ ಪಟ್ಟಿ ಬರೆದುಬಿಡುತ್ತೇವೆ. ಪರೀಕ್ಷೆ ಹೊತ್ತಿಗೆ ಅದು ಮರೆತಿರುತ್ತದೆ. ಅದರ ಬದಲು ಒಂದೇ ಜಾಗ ಹಿಡಿದು, ಅಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳುತ್ತಾ ಹೋಗಿ.

ನಾನು ಹಿಡಿದಿದ್ದು ಅಮೆರಿಕದ ವರ್ಜೀನಿಯಾದ ಮೇಸನ್ ನೆಕ್. ವಾಷಿಂಗ್ಟನ್ ನಗರದ ದಕ್ಷಿಣಕ್ಕೆ ಪೊಟೋಮ್ಯಾಕ್ ನದಿಯೊಳಗೆ ಚಾಚಿಕೊಂಡ ಕಾಡು. ಪರ್ಯಾಯ ದ್ವೀಪವೇ, ಆದರೆ ಸುತ್ತ ಸಮುದ್ರವಿಲ್ಲ, ನದಿ ಇದೆ.

ಎತ್ತರದ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಓಕ್, ಹಿಕರಿ, ಬೀಚ್ ಮರಗಳು.

ಅದೇ ಕಾಡಿನ ತಗ್ಗುಗಳಲ್ಲಿ ಚಳಿಗಾಲದ ಮಳೆ, ಹಿಮದ ನೀರು ತುಂಬಿಕೊಳ್ಳುತ್ತದೆ. ಬೇಸಿಗೆಗೆ ಒಣಗಿಹೋಗುತ್ತದೆ. ಸುಮ್ನೆ ಕೆಸರುಗುಂಡಿ ಅನ್ನಿಸಬಹುದು. ಆದರೆ ಚಳಿ ಮುಗಿಯುವ ಹೊತ್ತಿಗೆ ವುಡ್ ಫ್ರಾಗ್ ಎಂಬ ಕಪ್ಪೆ ಇಲ್ಲೇ ಮೊಟ್ಟೆ ಇಡುತ್ತದೆ. ನೀರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ವಾ? ಹಾಗೇ: ಲೋಳೆಯೊಳಗೆ ಒಂದೊಂದು ಕಪ್ಪು ಚುಕ್ಕೆ, ಎಲ್ಲ ಸೇರಿ ಒಂದು ಮುದ್ದೆ. ಪಕ್ಕದಲ್ಲೇ ದೊಡ್ಡ ನದಿ ಇರುವಾಗ ಗುಂಡಿ ಯಾಕೆ? ವರ್ಷಕ್ಕೊಮ್ಮೆ ಒಣಗುವ ನೀರಲ್ಲಿ ಮೀನು ಬದುಕುವುದಿಲ್ಲ. ಮೀನಿಲ್ಲದಿದ್ದರೆ ಮೊಟ್ಟೆಗೆ ಅಪಾಯ ಕಡಿಮೆ. ಗುಂಡಿ ಒಣಗುವುದೇ ಅದರ ಗುಣ. ಇದನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ.

ಇನ್ನೂ ಕೆಳಗೆ ಬಂದರೆ ಜವುಗು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಉಬ್ಬರ ಇಳಿತ ಇದ್ದರೆ ನೀರು ಉಪ್ಪಾಗಿರಬೇಕು ಅಂದುಕೊಳ್ಳುತ್ತೇವೆ. ಸಮುದ್ರ ಇಲ್ಲಿಂದ ಬಹಳ ದೂರ. ಅದರ ಒತ್ತಡ ನದಿಗುಂಟ ಇಲ್ಲಿವರೆಗೂ ಬರುತ್ತದೆ, ಉಪ್ಪು ಬರುವುದಿಲ್ಲ. ಹಾಗಾಗಿ ದಿನಕ್ಕೆ ಎರಡು ಸಲ ಸಿಹಿನೀರೇ ಏರಿ ಇಳಿಯುತ್ತದೆ. ಬೇಸಿಗೆಯಲ್ಲಿ ಕಾಡುಭತ್ತ ಆಳೆತ್ತರ ಬೆಳೆಯುತ್ತದೆ. ಕಾಳು ಬಾತುಗಳ ಪಾಲು. ಚಳಿಗಾಲದಲ್ಲಿ ಅದೇ ಜಾಗ ಬರೀ ಕೆಸರು.

ಈಗ ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿಗೆ ಬನ್ನಿ. ಗೂಡಿಗೆ ಎತ್ತರದ ಮರ ಬೇಕು, ಮೀನಿಗೆ ಅಗಲವಾದ ನೀರು ಬೇಕು, ಎರಡೂ ಹತ್ತಿರ ಇರಬೇಕು. ಮೂರು ಕಡೆ ದಡ ಇರುವ ಕಾಡಿನಲ್ಲಿ ಅಂಥ ಅಂಚು ಬೇಕಾದಷ್ಟು ಸಿಗುತ್ತದೆ. 1960ರ ದಶಕಕ್ಕೆ ಹೋಗೋಣ. ಡಿಡಿಟಿ ಎಂಬ ಕೀಟನಾಶಕ ಸೇರಿದ ಮೀನು ತಿಂದು ಹದ್ದಿನ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತರೆ ಒಡೆದುಹೋಗುತ್ತಿದ್ದ ಕಾಲ ಅದು. ಈ ಕಾಡಿನಲ್ಲಿ ಊರು ಕಟ್ಟುವ ಯೋಜನೆಯೂ ಬಂತು. ಅಲ್ಲೇ ವಾಸವಿದ್ದ ಎಲಿಜಬೆತ್ ಹಾರ್ಟ್‌ವೆಲ್ ಜನರನ್ನು ಸೇರಿಸಿಕೊಂಡು ವಿರೋಧಿಸಿದರು. 1969ರಲ್ಲಿ ಇದು ಬಾಲ್ಡ್ ಈಗಲ್‌ಗೆಂದೇ ಮೀಸಲಾದ ಅಮೆರಿಕದ ಮೊದಲ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣವಾಯಿತು. 1972ರಲ್ಲಿ ಅಮೆರಿಕದಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಹದ್ದು ಅಪಾಯದಂಚಿನ ಪಟ್ಟಿಯಿಂದ ಹೊರಬಂತು. ಆಶ್ರಯತಾಣಕ್ಕೆ ಈಗ ಹಾರ್ಟ್‌ವೆಲ್ ಅವರ ಹೆಸರೇ ಇದೆ.