ಈರುಳ್ಳಿಯ ಕಪ್ಪು ಪುಡಿಯಿಂದ ಬ್ಲ್ಯಾಕ್ ಫಂಗಸ್ ಬರುತ್ತಾ?

ಪ್ರಶ್ನೆ: ಅಮ್ಮನಿಗೆ ಶುಗರ್ ಇದೆ. ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪುಡಿಯಿಂದ ಬ್ಲ್ಯಾಕ್ ಫಂಗಸ್ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಓದಿ ಈರುಳ್ಳಿಯನ್ನೇ ಬಿಟ್ಟಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಆ ಪುಡಿ ಸಾಮಾನ್ಯವಾಗಿ ಆಸ್ಪರ್‌ಜಿಲಸ್ ಜಾತಿಯ ಬೂಷ್ಟು. ಬ್ಲ್ಯಾಕ್ ಫಂಗಸ್, ಅಂದರೆ ಮ್ಯೂಕರ್‌ಮೈಕೋಸಿಸ್ ತರುವುದು ಬೇರೆ ಗುಂಪು, ಹೆಚ್ಚಾಗಿ ರೈಜೋಪಸ್. ಅದು ರಕ್ತನಾಳದೊಳಗೆ ನುಗ್ಗುತ್ತದೆ. ರಕ್ತ ಹೆಪ್ಪುಗಟ್ಟಿ, ಅಲ್ಲಿಯ ಮಾಂಸ ಸತ್ತು ಕಪ್ಪಾಗುತ್ತದೆ. ಸಿಪ್ಪೆ ಸುಲಿದು ತೊಳೆದು ಅಮ್ಮ ಈರುಳ್ಳಿ ತಿನ್ನಲಿ. ಅಂಗಾಂಗ ಕಸಿಯಾದವರು, ರಕ್ತದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು ಮಾತ್ರ ಯಾವ ಬೂಷ್ಟನ್ನೂ ಮುಟ್ಟದಿರುವುದು ಒಳ್ಳೆಯದು. ಅವರಿಗೆ ಆಸ್ಪರ್‌ಜಿಲಸ್ ಕೂಡ ಶ್ವಾಸಕೋಶಕ್ಕೆ ಇಳಿಯಬಹುದು.

ರೈಜೋಪಸ್ ಮಣ್ಣಿನಲ್ಲಿದೆ, ಗೊಬ್ಬರದಲ್ಲಿದೆ, ಹಳೇ ಬ್ರೆಡ್ಡಿನಲ್ಲಿದೆ. ಅದರ ಕಣಗಳನ್ನು ನಾವೆಲ್ಲ ಉಸಿರಾಡುತ್ತಲೇ ಇರುತ್ತೇವೆ. ಬಿಳಿ ರಕ್ತಕಣಗಳು ಅವನ್ನು ಕೊಂದುಹಾಕುತ್ತವೆ. ಶುಗರ್ ಜಾಸ್ತಿಯಾದರೆ ಆ ಬಿಳಿ ರಕ್ತಕಣಗಳಿಗೇ ಬಲ ಕುಂದುತ್ತದೆ. ವಿಪರೀತ ಏರಿ ರಕ್ತ ಆಮ್ಲೀಯವಾದರೆ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಈ ಫಂಗಸ್ ಕೊಬ್ಬಿ ಬೆಳೆಯಲು ಅದೇ ಸಾಕು. ಸ್ಟೀರಾಯ್ಡ್ ಅಂತೂ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ, ಶುಗರನ್ನೂ ಏರಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಕೋವಿಡ್, ಶುಗರ್, ಸ್ಟೀರಾಯ್ಡ್ ಮೂರೂ ಒಟ್ಟಿಗೆ ಸೇರಿದವು. ಈ ಫಂಗಸ್ ಕೊಲ್ಲುವ ಆಂಫೊಟೆರಿಸಿನ್-ಬಿ ಇಂಜೆಕ್ಷನ್‌ಗಾಗಿ ಎಷ್ಟು ಮನೆಯವರು ಊರೂರು ಅಲೆದರು, ನೆನಪಿದೆ ಅಲ್ವಾ?

ಹಾಗಾಗಿ ಅಮ್ಮನ ಶುಗರ್ ಕಡೆ ಗಮನ ಕೊಡಿ. ಮಂಡಿನೋವು, ಉಬ್ಬಸಕ್ಕೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದು ಬೇಡವೇ ಬೇಡ. ಡಾಕ್ಟರ್ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸುವುದೂ ಬೇಡ.

ಮುಖದ ಒಂದೇ ಕಡೆ ನೋವು, ಊತ ಅಥವಾ ಜೋಮು, ಮೂಗಿನಲ್ಲಿ ಕಪ್ಪು ಸಿಂಬಳ, ಅಂಗುಳದಲ್ಲಿ ಕಪ್ಪು ಕಲೆ, ಸಡಿಲವಾದ ಹಲ್ಲು, ಜೋತುಬಿದ್ದ ರೆಪ್ಪೆ, ಒಂದು ಎರಡಾಗಿ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ಅವತ್ತೇ ಇಎನ್‌ಟಿ ಡಾಕ್ಟರ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಫಂಗಸ್ ಸೈನಸ್‌ನಿಂದ ಕಣ್ಣಿಗೆ, ಅಲ್ಲಿಂದ ಮಿದುಳಿಗೆ ಕೆಲವೇ ದಿನಗಳಲ್ಲಿ ಹಬ್ಬಬಲ್ಲದು. ಸತ್ತ ಮಾಂಸವನ್ನು ಆಪರೇಷನ್ ಮಾಡಿ ತೆಗೆಯಬೇಕು, ಜೊತೆಗೆ ಆಂಫೊಟೆರಿಸಿನ್ ಕೊಡಬೇಕು. ಡಾಕ್ಟರ್ ಬಯಾಪ್ಸಿ, ಅಂದರೆ ಮಾಂಸದ ಚೂರು ತೆಗೆದು ಪರೀಕ್ಷೆ, ಮಾಡಬೇಕೆಂದರೆ ಹಿಂಜರಿಯಬೇಡಿ. ಆಸ್ಪರ್‌ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ಕೆಲಸ ಮಾಡುವುದಿಲ್ಲ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಆಂಫೊಟೆರಿಸಿನ್ ಶುರುಮಾಡುತ್ತಾರೆ; ಯಾವ ಫಂಗಸ್ ಅಂತ ತಿಳಿದ ಮೇಲೆ ಅದಕ್ಕೆ ಸರಿಯಾದ ಔಷಧಿ ಮುಂದುವರಿಸುತ್ತಾರೆ.