ವಾಲದ ಕಾರು ಜಾರುವುದಿಲ್ಲ ಎಂದಲ್ಲ

ಮಳೆಗಾಲ ಹತ್ತಿರ ಬಂದಾಗಲೇ ನಮ್ಮ ಬದಿಯಡ್ಕದ ವರ್ಕ್‌ಶಾಪಿಗೆ ದಪ್ಪ ಆಂಟಿ ರೋಲ್ ಬಾರ್ ಹಿಡಿದುಕೊಂಡು ಹುಡುಗರು ಬರುತ್ತಾರೆ. ಆನ್‌ಲೈನಿನಲ್ಲಿ ತರಿಸಿದ್ದು. ತಿರುವಿನಲ್ಲಿ ಗಾಡಿ ವಾಲುವುದನ್ನು ಕಡಿಮೆ ಮಾಡಲು ಎಡ ಬಲ ಚಕ್ರಗಳ ನಡುವೆ ಹಾಕುವ ಉಕ್ಕಿನ ಸರಳು ಅದು. ಹಿಂದಿನ ಚಕ್ರಗಳಿಗೆ ಹಾಕಬೇಕು, ಅದೂ ಅತಿ ಗಟ್ಟಿ ತೂತಿಗೇ. ಬಾರಿನ ತುದಿಯಲ್ಲಿ ತೂತುಗಳಿರುತ್ತವೆ; ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ಎಂಬ ಕಡ್ಡಿಯನ್ನು ಯಾವ ತೂತಿಗೆ ಹಾಕುತ್ತೇವೋ ಅದರ ಮೇಲೆ ಬಾರ್ ಗಟ್ಟಿಯೋ ಮೆತ್ತಗೋ ಆಗುತ್ತದೆ. ಯಾಕೆ ಎಂದರೆ, ‘ತಿರುವಿನಲ್ಲಿ ಗಾಡಿ ವಾಲುವುದಿಲ್ಲ, ಗ್ರಿಪ್ ಜಾಸ್ತಿ ಆಗ್ತದೆ, ಅಲ್ವಾ?’

ಅಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಈ ಹುಡುಗರು ನನಗೆ ಬೇಕಾದವರು.

ತಿರುವಿನಲ್ಲಿ ಗಾಡಿಯ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಒಟ್ಟು ಎಷ್ಟು ಸರಿಯುತ್ತದೆ ಎಂಬುದು ಗಾಡಿಯ ತೂಕ, ಎತ್ತರ, ಅಗಲ, ತಿರುವಿನ ವೇಗದ ಮೇಲೆ ನಿಂತಿದೆ. ಬಾರ್ ಅದನ್ನು ಹೆಚ್ಚು ಕಡಿಮೆ ಬದಲಿಸುವುದೇ ಇಲ್ಲ. ಅದರಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನವುಗಳ ಪಾಲೆಷ್ಟು ಎಂಬುದನ್ನು ಮಾತ್ರ ಬದಲಿಸುತ್ತದೆ. ಟೈರಿನ ಸ್ವಭಾವ ನೋಡಿ: ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ. ಹಾಗಾಗಿ ಹೊರಗಿನ ಟೈರಿಗೆ ಸಿಕ್ಕ ಲಾಭಕ್ಕಿಂತ ಒಳಗಿನದಕ್ಕೆ ಆದ ನಷ್ಟ ಜಾಸ್ತಿ. ಮುಂದೆ, ಹಿಂದೆ, ಯಾವ ಕಡೆ ಬಾರ್ ಗಟ್ಟಿ ಮಾಡುತ್ತೀರೋ ಆ ಕಡೆಯ ಎರಡು ಚಕ್ರಗಳ ಒಟ್ಟು ಹಿಡಿತ ಇಳಿಯುತ್ತದೆ. ಹಿಂದೆ ಗಟ್ಟಿ ಮಾಡಿದರೆ ಹಿಂದಿನ ಹಿಡಿತ ಇಳಿಯಿತು. ಇಷ್ಟೇ ವಿಷಯ.

ಹಾಗಾದರೆ ಅದನ್ನು ಹಾಕುವುದೇಕೆ? ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳು ವೇಗ ಹೆಚ್ಚಾದಾಗ ತಿರುಗದೆ ಹೊರಗೆ ಓಡುತ್ತವೆ. ಹಿಂದೆ ಸ್ವಲ್ಪ ಗಟ್ಟಿ ಮಾಡಿದರೆ ಮುಂದಿನ ಟೈರಿಗೆ ಆರಾಮ ಸಿಕ್ಕಿ ಗಾಡಿ ಚೆನ್ನಾಗಿ ತಿರುಗುತ್ತದೆ. ಒಣ ರಸ್ತೆಯಲ್ಲಿ ಅದು ನಿಜವಾಗಿ ಖುಷಿ ಕೊಡುತ್ತದೆ. ಕೆಲವು ಗಾಡಿಗಳಲ್ಲಿ ವಾಲುವುದು ಕಡಿಮೆಯಾದಾಗ ಟೈರು ನೆಟ್ಟಗೆ ಕೂತು ಬೇರೆ ಲಾಭವೂ ಆಗುವುದುಂಟು. ಎಲ್ಲ ಗಾಡಿಗೂ ಒಂದೇ ಮಾತು ಹೇಳಲಾರೆ. ಆದರೆ ಒದ್ದೆ ರಸ್ತೆಯ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಭಾರ ಮುಂದೆ ಬಂದು ಹಿಂಭಾಗ ಹಗುರವಾಗುತ್ತದೆ. ಮೊದಲೇ ಹಿಡಿತ ಕಳೆದುಕೊಂಡ ಹಿಂದಿನ ಚಕ್ರ ಆಗ ಹೊರಗೆ ಜಾರುತ್ತದೆ. ಅದನ್ನು ಹತೋಟಿಗೆ ತರುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ.

ಮುಳ್ಳೇರಿಯದ ನಿವೃತ್ತ ಮೇಷ್ಟ್ರೊಬ್ಬರ ಗಾಡಿಗೆ ಹಿಂದೆ ಬಾರ್ ಹಾಕಿದ್ದೆ. ಜಾಲ್ಸೂರು, ಸಂಪಾಜೆ ದಾರಿಯಾಗಿ ಮಡಿಕೇರಿಗೆ ಮಗಳ ಮನೆಗೆ ಹೋಗುವಾಗ ಅವರ ಹೆಂಡತಿಗೆ ತಿರುವುಗಳಲ್ಲಿ ವಾಂತಿ. ಗಾಡಿ ವಾಲುವುದು ಕಡಿಮೆಯಾಗಲಿ ಎಂದು ಬಂದಿದ್ದರು. ಇದಕ್ಕಿಂತ ಒಳ್ಳೆಯ ಕಾರಣ ನಾನು ಕೇಳಿಲ್ಲ. ಮೆತ್ತನೆಯ ತೂತಿಗೆ ಹಾಕಿಕೊಟ್ಟೆ, ಅಮ್ಮನಿಗೆ ಹಾಯೆನಿಸಿತು. ಆಮೇಲೆ ಗಲ್ಫಿನಿಂದ ರಜೆಗೆ ಬಂದ ಮಗ ತಾನೇ ಸ್ಪ್ಯಾನರ್ ಹಿಡಿದು ಗಟ್ಟಿ ತೂತಿಗೆ ಬದಲಿಸಿದ. ಆದೂರು ದಾಟಿದ ಮೇಲೆ ಮಳೆಯಲ್ಲಿ ಹಿಂಭಾಗ ಜಾರಿ ಗಾಡಿ ಅಡ್ಡ ನಿಂತಿತು. ಎದುರಿಗೆ ಬಸ್ಸು ಇರಲಿಲ್ಲ, ಪುಣ್ಯ. ಗಾಡಿ ನನ್ನಲ್ಲಿಗೆ ಬಂದಾಗ ನೋಡಿದರೆ ಹಿಂದಿನ ಟೈರುಗಳೂ ಸವೆದಿದ್ದವು.

ಒಂದು ತೂತಿನಿಂದ ಏನು ಮಹಾ ಎಂದು ಕೇಳುತ್ತಾರೆ. ಬಾರ್ ಒದ್ದೆ ಬೈರಾಸನ್ನು ಹಿಂಡುವ ಹಾಗೆ ತಿರುಚಿಕೊಂಡು ಕೆಲಸ ಮಾಡುತ್ತದೆ. ಲಿಂಕ್ ಬಾರಿನ ಬಾಗಿಗೆ ಹತ್ತಿರವಾದಷ್ಟೂ ಗಟ್ಟಿ, ತುದಿಗೆ ಹೋದಷ್ಟೂ ಮೆತ್ತಗೆ. ಬಾಗಿನಿಂದ ಲಿಂಕಿನವರೆಗಿನ ತೋಳನ್ನು 20 ಸೆಂಟಿಮೀಟರಿನಿಂದ 18ಕ್ಕೆ ತಂದರೆ ಸುಮಾರು 23 ಪರ್ಸೆಂಟ್ ಗಟ್ಟಿ. ದಪ್ಪದ ಲೆಕ್ಕ ಇನ್ನೂ ಜೋರು: ಆಕಾರ ಅದೇ ಇದ್ದು, 20 ಮಿಲಿಮೀಟರ್ ಗಟ್ಟಿ ಸರಳಿನ ಬದಲು 22 ಹಾಕಿದರೆ ಸುಮಾರು 46 ಪರ್ಸೆಂಟ್.

ಜೋಡಿಸುವ ಕೆಲಸ ಗೊತ್ತಿರುವವರಿಗೆ ಕಷ್ಟವಲ್ಲ. ಒಂದೇ ಚಕ್ರ ಜಾಕ್ ಮೇಲಿದ್ದರೆ ಬಾರ್ ತಿರುಚಿಕೊಂಡಿರುತ್ತದೆ, ಲಿಂಕ್ ಬೋಲ್ಟ್ ಬಿಚ್ಚಲು ಹೋಗಬೇಡಿ. ಎರಡೂ ಚಕ್ರ ಒಂದೇ ಮಟ್ಟದಲ್ಲಿರಲಿ. ಅಡ್ಜಸ್ಟ್ ಮಾಡುವ ಲಿಂಕ್ ಆದರೆ ಗಾಡಿ ಸಮತಟ್ಟು ನೆಲದಲ್ಲಿ ನಿಂತು, ಡ್ರೈವರ್ ಸೀಟಿನಲ್ಲಿ ಜನ ಕೂತಿರುವಾಗ ಕೊನೆಯ ಬೋಲ್ಟ್ ಕೈಯಿಂದಲೇ ಒಳಗೆ ಹೋಗಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ನಿಂತ ಗಾಡಿಯಲ್ಲೇ ಬಾರ್ ಬಿಗಿದಿರುತ್ತದೆ, ಎಡ ತಿರುವಿನಲ್ಲೊಂದು ಬಲ ತಿರುವಿನಲ್ಲೊಂದು ಗುಣ ತೋರಿಸುತ್ತದೆ. ಬ್ರೇಕ್ ಹೋಸ್, ಎಬಿಎಸ್ ವಯರಿಗೆ ತಾಗುತ್ತದೆಯೇ ಎಂದು ಚಕ್ರ ಪೂರ್ತಿ ಇಳಿಸಿಯೂ ಪೂರ್ತಿ ಏರಿಸಿಯೂ ನೋಡಲೇಬೇಕು. ಬಾರನ್ನು ಹಿಡಿದಿಡುವ, ರಬ್ಬರಿನಂಥ ಪಾಲಿಯುರೆಥೇನ್ ಬುಷ್‌ಗೆ ಸಿಲಿಕೋನ್ ಗ್ರೀಸ್.

ಇನ್ನೊಂದು ಮಾತು. ಕಂಪನಿ ಕೊಟ್ಟ ಗಾಡಿಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ. ನಿಮ್ಮ ಗಾಡಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿ. ವಿಮೆಯವರನ್ನೂ ಕೇಳಿ.

ಬಾರ್ ತರುವವರಿಗೆ ನಾನು ಮೊದಲು ಟೈರು, ಶಾಕ್ ಅಬ್ಸಾರ್ಬರ್, ಹಳೆಯ ಬುಷ್ ತೋರಿಸಲು ಹೇಳುತ್ತೇನೆ. ಎಷ್ಟೋ ಸಲ ಹಳೆಯ ಬುಷ್ ಬದಲಿಸಿದರೆ ಸಾಕಾಗುತ್ತದೆ. ಆಮೇಲೂ ಬೇಕೆಂದರೆ ಎರಡೂ ಬದಿ ಅತಿ ಮೆತ್ತನೆಯ ತೂತಿಗೇ ಹಾಕುತ್ತೇನೆ. ಒಂದು ಮಳೆಗಾಲ ಹಾಗೇ ಓಡಿಸಿ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಗಾಡಿ ತಂದರೆ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.